ಕೈಯ ಸೋಲನ್ನು ಬುದ್ಧಿಯ ಲೆಕ್ಕಕ್ಕೆ ಬರೆಯುವುದೇಕೆ?

ಮಾನ್ಯರೇ,

ಸೆರೆಬ್ರಲ್ ಪಾಲ್ಸಿ (ಮಿದುಳಿಗಾದ ತೊಂದರೆಯಿಂದ ಮೈಕೈಗಳ ಚಲನೆ ಹತೋಟಿಗೆ ಸಿಗದ ಸ್ಥಿತಿ) ಇರುವ ಮಕ್ಕಳ ಗ್ರಹಣಶಕ್ತಿಯನ್ನು ರೋಬೋ ಮೂಲಕ ತಿಳಿಯುವ ಕುರಿತ ನಮ್ಮ ಲೇಖನವನ್ನು ಓದಿ, "ಪಳಗಿದ ಶಿಕ್ಷಕಿಯ ಕಣ್ಣು ಸಾಲದೇ, ಈ ದುಬಾರಿ ಆಟಿಕೆ ಏಕೆ?" ಎಂದು ಕೇಳಿದ್ದೀರಿ. ಮೂರು ದಶಕ ಪಾಠ ಹೇಳಿದವರ ಮಾತನ್ನು ತಳ್ಳಿಹಾಕಲಾರೆ. ಮಗುವನ್ನು ಒಲಿಸಿಕೊಳ್ಳುವುದು ಯಂತ್ರದ ಕೆಲಸವಲ್ಲ. ಅಷ್ಟನ್ನು ಒಪ್ಪಿ, ಉಳಿದದ್ದಕ್ಕೆ ತಕರಾರು ತೆಗೆಯುತ್ತೇನೆ.

ನಮ್ಮಲ್ಲಿ ಇಂದಿಗೂ ಬಳಕೆಯಲ್ಲಿರುವ ಸೆಗ್ವಿನ್ ಫಾರ್ಮ್ ಬೋರ್ಡ್ ಪರೀಕ್ಷೆಯನ್ನೇ ನೋಡಿ. ಮರದ 10 ಆಕಾರಗಳನ್ನು ತಕ್ಕ ಕುಳಿಗಳಲ್ಲಿ ಕೂರಿಸಲು ಹಿಡಿದ ಸೆಕೆಂಡುಗಳಿಂದ ಮಗುವಿನ ಮಾನಸಿಕ ವಯಸ್ಸನ್ನು ನಿರ್ಣಯಿಸುತ್ತಾರೆ. ಯಾವ ತುಂಡು ಎಲ್ಲಿಗೆಂದು ಬಲ್ಲ, ಆದರೆ ಬೆರಳು ಮಾತು ಕೇಳದ ಮಗು ಅಲ್ಲಿ ಸೋಲುತ್ತದೆ. ಆ ಸೋಲು ಬುದ್ಧಿಯ ಲೆಕ್ಕಕ್ಕೆ ಜಮೆಯಾಗುತ್ತದೆ.

ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ಆಲ್ ಕುಕ್, ಕಿಮ್ ಆಡಮ್ಸ್ ಮತ್ತು ಸಂಗಡಿಗರು ಈ ಗಂಟನ್ನು ಬಿಡಿಸಲು ಹೊರಟವರು. ಲೆಗೊ ಆಟಿಕೆ ತುಂಡುಗಳಿಂದ ಜೋಡಿಸಿದ ರೋಬೋವನ್ನು ಓಡಿಸಲು ಮಗು ಒಂದು ಸ್ವಿಚ್ ಒತ್ತಿದರೆ ಸಾಕು. ಕೈ ಆಗದಿದ್ದರೆ ತಲೆಯಿಂದಲೋ ಮೊಣಕಾಲಿನಿಂದಲೋ ಒತ್ತಬಹುದು. ಒತ್ತಿದಾಗ ರೋಬೋ ಮುಂದೆ ಸಾಗಿ ಬ್ಲಾಕುಗಳ ರಾಶಿಯನ್ನು ಕೆಡವಿದರೆ, ಅದು ತನ್ನಿಂದಲೇ ಆಯಿತೆಂಬುದು ಮಗುವಿಗೆ ಹೊಳೆಯಿತೇ? ಬೇಕಾದ ಕಡೆ ನಿಲ್ಲಿಸಲು ಸ್ವಿಚ್ಚನ್ನು ಬಿಟ್ಟು ತಡೆದುಕೊಂಡಿತೇ? ಎಡಬಲಗಳಲ್ಲಿ ಒಂದನ್ನು ಆರಿಸಿತೇ? ಮೊದಲು ತಿರುಗಿ ಆಮೇಲೆ ಮುಂದೆ ಸಾಗಬೇಕೆಂಬ ಕ್ರಮ ಹಿಡಿಯಿತೇ? ಕಾರ್ಯಕಾರಣ, ಸಂಯಮ, ದಿಕ್ಕು, ಅನುಕ್ರಮ ಇವೆಲ್ಲ ಆಟದಲ್ಲೇ ಗೋಚರಿಸುತ್ತವೆ. ಮಗುವಿಗೂ ಪರೀಕ್ಷೆಯೆಂಬ ಭಯವಿಲ್ಲ.

ಕಣ್ಣನ್ನು ನಂಬಿ ಎನ್ನುತ್ತೀರಿ. ಸೆರೆಬ್ರಲ್ ಪಾಲ್ಸಿ ಇದ್ದ, ಐರ್ಲೆಂಡಿನ ಡಬ್ಲಿನ್ನಿನ ಕ್ರಿಸ್ಟಿ ಬ್ರೌನ್ ಅವರನ್ನು ಕಣ್ಣಾರೆ ನೋಡಿದ ವೈದ್ಯರೇ ಬುದ್ಧಿಮಾಂದ್ಯನೆಂದು ಕೈಬಿಟ್ಟಿದ್ದರು. ಐದರ ಹರೆಯದಲ್ಲಿ ಅವರು ಸೋದರಿಯ ಕೈಯ ಸೀಮೆಸುಣ್ಣವನ್ನು ಎಡಗಾಲಿನಿಂದ ಕಿತ್ತುಕೊಂಡರು, ಮುಂದೆ ಲೇಖಕರಾದರು. ಬಿಡದೆ ನಂಬಿದ್ದು ತಾಯಿ ಒಬ್ಬರೇ. ಅಂಥ ತಾಯಿ, ಅಂಥ ಎಡಗಾಲು ಎಲ್ಲರಿಗೂ ಇರುವುದಿಲ್ಲ. ನನ್ನ ಪರಿಚಯದ ಮನೆಯೊಂದರ ಹುಡುಗಿಗೆ ಮಾತು ಬಾರದು. ಆದರೆ ಅಜ್ಜಿ ರಾಮಾಯಣದ ಕಥೆಯಲ್ಲಿ ಒಂದು ಪ್ರಸಂಗ ಹಾರಿಸಿದರೆ ಕಿರುಚಿ ತಡೆಯುತ್ತಾಳೆ. ಅವಳ ಪ್ರಮಾಣಪತ್ರದಲ್ಲಿ ಮಾತ್ರ ಬುದ್ಧಿಮಾಂದ್ಯ ಎಂದೇ ಇದೆ, ಶೇಕಡಾವಾರು ಸಮೇತ. ವೇಗವಾಗಿ ಬರೆಯುವವನೇ ಜಾಣನೆಂಬ ನಮ್ಮ ಪರೀಕ್ಷಾಪದ್ಧತಿಯಿಂದ ಬಂದವರಿಗೆ ಇದು ತಪ್ಪೆಂದೂ ತೋರುವುದಿಲ್ಲ. ನೀವೂ ನಾನೂ ಅದೇ ಪದ್ಧತಿಯವರು, ಸ್ವಾಮಿ!

ರೋಬೋದ ಎದುರು ಸೋತ ಮಗುವಿಗೆ ತಿಳಿವಳಿಕೆ ಇಲ್ಲವೆಂದೂ ಹೇಳಬಾರದು. ಸ್ವಿಚ್ ತಪ್ಪು ಜಾಗದಲ್ಲಿರಬಹುದು, ಆಟವೇ ಬೇಸರ ತಂದಿರಬಹುದು. ಅದನ್ನು ಗುರುತಿಸಲು ನೀವು ಹೇಳುವ ಶಿಕ್ಷಕಿಯೇ ಬೇಕು. ದುಬಾರಿ ಎಂಬ ಆಕ್ಷೇಪಕ್ಕೆ ಉತ್ತರ ಸುಲಭ: ಮೊದಲ ಹಂತದ ಆಟಕ್ಕೆ ಬ್ಯಾಟರಿಯ ಆಟಿಕೆ ಕಾರಿಗೆ ದೊಡ್ಡ ಸ್ವಿಚ್ ಜೋಡಿಸಿದರೂ ನಡೆಯುತ್ತದೆ. ನಿಮ್ಮೂರಿನ ರೇಡಿಯೊ ರಿಪೇರಿಯವರು ಒಂದು ಮಧ್ಯಾಹ್ನದಲ್ಲಿ ಮಾಡಿಕೊಟ್ಟಾರು.

ಸಂಪಾದಕ