ವಿಸ್ಕಿಗೆ ಆಸ್ಪತ್ರೆಯ ವಾಸನೆ ಏಕೆ?

ಪ್ರಶ್ನೆ: ಸರ್, ಗ್ಲಾಸ್ಗೋದಲ್ಲಿರುವ ನಮ್ಮ ಅಳಿಯಂದಿರು 10 ವರ್ಷದ ‘ಲಫ್ರಾಯ್ಗ್’ ಬಾಟಲಿ ತಂದುಕೊಟ್ಟಿದ್ದಾರೆ. ಮುಚ್ಚಳ ತೆಗೆದರೆ ಹಳೇ ಸರ್ಕಾರಿ ಆಸ್ಪತ್ರೆಯ ವಾಸನೆ, ಜೊತೆಗೆ ಹೊಗೆ. ಹೋದ ಸಲ ತಂದಿದ್ದ ‘ಗ್ಲೆನ್‌ಫಿಡಿಕ್’ ಹೀಗಿರಲಿಲ್ಲ. ಎರಡೂ ಸ್ಕಾಚೇ ಅಲ್ಲವೇ? ಇದು ಕೆಟ್ಟಿದೆಯೇ?
– ಓದುಗರು, ದಾವಣಗೆರೆ

ಉತ್ತರ: ಕೆಟ್ಟಿಲ್ಲ, ದಯವಿಟ್ಟು ಚೆಲ್ಲಬೇಡಿ. ಎರಡೂ ಸ್ಕಾಟ್ಲೆಂಡಿನವೇ. ಹೋದ ಸಲದ್ದು ಅಲ್ಲಿನ ಸ್ಪೇ ನದಿಯ ಸೀಮೆಯದು (ಸ್ಪೇಸೈಡ್). ಅಲ್ಲಿನ ವಿಸ್ಕಿಯಲ್ಲಿ ಸೇಬು, ಮರಸೇಬಿನ ಪರಿಮಳ. ಈಗಿನದು ಪಶ್ಚಿಮ ಕಡಲಿನ ಐಲಾ ದ್ವೀಪದ್ದು.

ಗುಟ್ಟಿರುವುದು ಒಲೆಯಲ್ಲಿ. ಮಗುವಿನ ಸರಿಗೆ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ ಒಣಗಿಸುತ್ತೇವಲ್ಲ, ಅಲ್ಲಿ ಬಾರ್ಲಿಗೂ ಅದೇ ಉಪಚಾರ. ನಮಗೆ ಬಿಸಿಲಿದೆ. ಮಳೆಗಾಳಿಯ ಐಲಾದಲ್ಲಿ ಬಿಸಿಲೂ ಕಡಿಮೆ, ಮರವೂ ಕಡಿಮೆ, ಹೇರಳವಾಗಿರುವುದು ಪೀಟ್. ಜೌಗು ನೆಲದಲ್ಲಿ ಪಾಚಿ, ಹುಲ್ಲು ಸಾವಿರಾರು ವರ್ಷ ಅರೆಕೊಳೆತು ಒತ್ತಿಕೊಂಡ ಕಪ್ಪು ಮಣ್ಣದು. ಇಟ್ಟಿಗೆಯಂತೆ ಕತ್ತರಿಸಿ, ಒಣಗಿಸಿ, ಬಾರ್ಲಿ ಒಣಗಿಸುವ ಒಲೆಯಲ್ಲಿ ಉರಿಸುತ್ತಾರೆ. ಆ ಹೊಗೆಯಲ್ಲಿರುವ ಫೀನಾಲ್ ಎಂಬ ಘಾಟು ವಾಸನೆಯ ರಾಸಾಯನಿಕಗಳು ಒದ್ದೆ ಕಾಳಿಗೆ ಅಂಟಿಕೊಂಡರೆ ಮುಗಿಯಿತು. ಭಟ್ಟಿ ಇಳಿಸಿದರೂ, ಓಕ್ ಪೀಪಾಯಿಯಲ್ಲಿ ಹತ್ತು ವರ್ಷ ಮಲಗಿಸಿದರೂ ಬಿಡುವುದಿಲ್ಲ. ಹಿಂದೆ ಆಸ್ಪತ್ರೆಗಳಲ್ಲಿ ಕ್ರಿಮಿ ಕೊಲ್ಲಲು ಬಳಸುತ್ತಿದ್ದ ಕಾರ್ಬಾಲಿಕ್ ಆಮ್ಲವೂ ಫೀನಾಲೇ. ನಿಮ್ಮ ಮೂಗು ಸರಿಯಾಗಿಯೇ ಹಿಡಿದಿದೆ!

ಗ್ಲಾಸ್ಗೋದಲ್ಲಿ ಕೆಲಸಕ್ಕಿದ್ದಾಗ ಕೆನಕ್ರೇಗ್ ಬಂದರಿನಿಂದ ಹಡಗು ಹತ್ತಿ ಐಲಾದ ಪೋರ್ಟ್ ಎಲೆನ್‌ನಲ್ಲಿ ಇಳಿದಿದ್ದೆ. ಲಫ್ರಾಯ್ಗ್, ಲಾಗಾವುಲಿನ್, ಆರ್ಡ್‌ಬೆಗ್ ಮೂರೂ ಭಟ್ಟಿಗಳು ಅಲ್ಲಿಂದ ಒಂದೇ ದಾರಿಯಲ್ಲಿ, ಕಡಲಿಗೆ ಮುಖ ಮಾಡಿ ನಿಂತ ಬಿಳಿ ಗೋಡೆಗಳು. ಲಫ್ರಾಯ್ಗ್‌ನಲ್ಲಿ ನೆಲದ ತುಂಬ ಹರಡಿದ್ದ ಮೊಳಕೆ ಬಾರ್ಲಿಯ ಹಸಿ ವಾಸನೆ ಮೂಗಿಗೆ ಬಡಿದಾಗ ಅಜ್ಜಿಯ ರಾಗಿ ಗಂಟು ನೆನಪಾಗಿ ಸ್ವಲ್ಪ ಹೊತ್ತು ಅಲ್ಲೇ ನಿಂತುಬಿಟ್ಟೆ. ಆದರೆ ಅದೇ ದ್ವೀಪದ ‘ಬುನ್ನಹಾವನ್’ನ ಹೆಚ್ಚಿನ ವಿಸ್ಕಿಗಳಿಗೆ ಹೊಗೆಯ ಸೋಂಕೇ ಇಲ್ಲ. ಆದ್ದರಿಂದ ಸೀಮೆಯ ಹೆಸರು ನೋಡಿಯೇ ರುಚಿ ಗೊತ್ತಾಯಿತು ಎಂದುಕೊಳ್ಳಬೇಡಿ.

ಸ್ಕಾಚ್ ವಿಸ್ಕಿಯ ಕಾನೂನು ಹೆಸರಿಸುವ ಸೀಮೆಗಳು ಐದು: ಹೈಲ್ಯಾಂಡ್, ಲೋಲ್ಯಾಂಡ್, ಸ್ಪೇಸೈಡ್, ಐಲಾ, ಕ್ಯಾಂಪ್‌ಬೆಲ್‌ಟೌನ್. ನನ್ನ ಪ್ರೀತಿ ಕೊನೆಯದರ ಮೇಲೆ. 19ನೇ ಶತಮಾನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಭಟ್ಟಿಗಳಿದ್ದ ಆ ಪುಟ್ಟ ಬಂದರಿನಲ್ಲಿ ಎರಡು ಮಾತ್ರ ಉಳಿದುಕೊಂಡವು. ಅವುಗಳಲ್ಲೊಂದಾದ ‘ಸ್ಪ್ರಿಂಗ್‌ಬ್ಯಾಂಕ್’ ಇಂದಿಗೂ ತನಗೆ ಬೇಕಾದ ಬಾರ್ಲಿಯನ್ನೆಲ್ಲ ತಾನೇ ಮೊಳಕೆ ಬರಿಸಿಕೊಳ್ಳುತ್ತದೆ. ಉಪ್ಪುಗಾಳಿ, ಎಣ್ಣೆಜಿಡ್ಡು, ತೆಳು ಹೊಗೆ – ಆ ರುಚಿ ಬೇರೆಲ್ಲೂ ನನಗೆ ಸಿಕ್ಕಿಲ್ಲ.

ನಿಮ್ಮ ಬಾಟಲಿಗೆ ಐಸ್, ಸೋಡಾ ಬೇಡ. ಒಂದು ಚಮಚ ನೀರು ಬೆರೆಸಿ, ಐದು ನಿಮಿಷ ಬಿಟ್ಟು ಮೂಸಿ ನೋಡಿ. ಆಗಲೂ ಹಿಡಿಸದಿದ್ದರೆ ಬೆಂಗಳೂರಿನ ‘ಅಮೃತ್ ಫ್ಯೂಷನ್’ನಿಂದ ಶುರುಮಾಡಿ; ನಮ್ಮ ದೇಶದ ಬಾರ್ಲಿಯ ಜೊತೆ ಪೀಟ್ ಹೊಗೆಯುಂಡ ಸ್ಕಾಟ್ಲೆಂಡಿನ ಬಾರ್ಲಿಯೂ ಅದರಲ್ಲಿದೆ, ಹೊಗೆ ಹದವಾಗಿದೆ. ಲಫ್ರಾಯ್ಗ್ ಅಲ್ಲಿಯವರೆಗೆ ಬಿಸಿಲು ಬೀಳದ ಕಪಾಟಿನಲ್ಲಿ ನೆಟ್ಟಗೆ ನಿಂತಿರಲಿ.