ಮೂರು ವರ್ಷ ಯಾರಿಗೂ ಗೊತ್ತಾಗಲಿಲ್ವಾ?

ತಿಪಟೂರಿನಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ.

ಹೋದ ಸಂಚಿಕೆಯಲ್ಲಿ ಗಂಡುವೇಷ ಹಾಕಿ ಸೈನ್ಯ ಸೇರಿದ ಹೆಂಗಸರ ಬಗ್ಗೆ ಬಂದ ಬರಹ ಓದಿ, 'ಎಲ್ಲಾ ಕಟ್ಟುಕಥೆ, ಸೇರಿಸಿಕೊಳ್ಳುವಾಗ ಡಾಕ್ಟರು ನೋಡಲ್ವಾ, ಇವರು ಸ್ನಾನ ಮಾಡಲ್ವಾ?' ಎಂದು ಕೇಳಿದ್ದೀರಿ. ಅನುಮಾನ ನ್ಯಾಯವಾದದ್ದೇ. ಇಂಥ ಕಥೆಗಳಿಗೆ ಒಗ್ಗರಣೆ ಜಾಸ್ತಿ. ಆದರೆ ಹಾಗೆ ಸೈನ್ಯ ಸೇರಿದವರಲ್ಲಿ ಒಬ್ಬರಾದ ಆಲ್ಬರ್ಟ್ ಕ್ಯಾಶಿಯರ್ ವಿಷಯದಲ್ಲಿ ಸರ್ಕಾರಿ ಕಾಗದಗಳೇ ಇವೆ.

ಹುಟ್ಟಿದ್ದು 1843ರಲ್ಲಿ, ಐರ್ಲೆಂಡಿನಲ್ಲಿ. ಆಗಿನ ಹೆಸರು ಜೆನ್ನಿ ಹಾಡ್ಜರ್ಸ್. ಅಮೆರಿಕದ ಅಂತರ್ಯುದ್ಧ ನಡೆಯುತ್ತಿದ್ದ 1862ರಲ್ಲಿ ಆಲ್ಬರ್ಟ್ ಎಂಬ ಹೆಸರಿನಲ್ಲಿ ಇಲಿನಾಯ್ ರಾಜ್ಯದ 95ನೇ ಪದಾತಿ ದಳ ಸೇರಿದರು. ಎತ್ತರ ಐದಡಿ ಮೂರಿಂಚು. ಡಾಕ್ಟರ ತಪಾಸಣೆ ಅಂದಿರಲ್ಲ, ಅದು ಹೆಸರಿಗಷ್ಟೇ: ಕೋವಿಮದ್ದಿನ ಪೊಟ್ಟಣ ಕಚ್ಚಿ ಹರಿಯಲು ಹಲ್ಲು, ಟ್ರಿಗರ್ ಎಳೆಯಲು ಬೆರಳು, ಎರಡೂ ನೆಟ್ಟಗಿದ್ದರೆ ಸಾಕಿತ್ತು. ಸಿಪಾಯಿಗಳು ಹಾಕಿದ ಬಟ್ಟೆಯಲ್ಲೇ ಮಲಗುತ್ತಿದ್ದರು, ಸ್ನಾನ ಅಪರೂಪ, ಮೀಸೆ ಮೂಡದ ಹುಡುಗರಂತೂ ಬೇಕಾದಷ್ಟು ಜನ ಇದ್ದರು. ವಿಕ್ಸ್‌ಬರ್ಗ್ ಮುತ್ತಿಗೆಯೂ ಸೇರಿ ಸುಮಾರು 40 ಕಾದಾಟ ಮುಗಿಸಿ, 1865ರಲ್ಲಿ ದಳದವರ ಜೊತೆಗೇ ಮನೆ ದಾರಿ ಹಿಡಿದರು.

'ಯುದ್ಧ ಮುಗಿದ ಮೇಲಾದರೂ ಹೆಂಗಸಾಗಬಹುದಿತ್ತಲ್ಲ' ಅಂದಿದ್ದೀರಿ. ಆಗಲಿಲ್ಲ. ಸಾನಮಿನ್ ಎಂಬ ಸಣ್ಣ ಊರಿನಲ್ಲಿ ಬೀದಿ ದೀಪ ಹಚ್ಚಿಕೊಂಡು, ಚರ್ಚ್ ಗುಡಿಸಿಕೊಂಡು, ಹೆಂಗಸರಿಗೆ ಓಟಿಲ್ಲದ ಕಾಲದಲ್ಲಿ ಓಟೂ ಹಾಕಿಕೊಂಡು ಗಂಡಸಾಗಿಯೇ ಬದುಕಿದರು. (ಅವನು ಅನ್ನಲೋ, ಅವಳು ಅನ್ನಲೋ? ಪುಣ್ಯಕ್ಕೆ ನಮ್ಮ ಕನ್ನಡದಲ್ಲಿ 'ಅವರು' ಇದೆ.)

1911ರಲ್ಲಿ ಕಾರು ತಾಗಿ ಕಾಲು ಮುರಿಯಿತು. ಡಾಕ್ಟರಿಗೆ ವಿಷಯ ಗೊತ್ತಾಯಿತು, ಆದರೆ ಅವರು ಬಾಯಿ ಬಿಡಲಿಲ್ಲ. ಮೂರು ವರ್ಷದ ಮೇಲೆ ಬುದ್ಧಿ ಮಂಕಾಗಿ ಮಾನಸಿಕ ಆಸ್ಪತ್ರೆ ಸೇರಿದಾಗ, ಅಲ್ಲಿನವರು ಬಲವಂತವಾಗಿ ಲಂಗ ಹಾಕಿಸಿದರು. ಐವತ್ತು ವರ್ಷ ಪ್ಯಾಂಟಿನಲ್ಲಿ ಓಡಾಡಿದ, ಎಪ್ಪತ್ತು ದಾಟಿದ ಜೀವಕ್ಕೆ! ನನಗೆ ಇಡೀ ಕಥೆಯಲ್ಲಿ ನಂಬಲು ಕಷ್ಟವಾಗುವುದು ಇದೊಂದೇ, ಮುಚ್ಚಿಟ್ಟದ್ದಲ್ಲ.

ಸುದ್ದಿ ಪತ್ರಿಕೆಗೆ ಬಂದದ್ದೇ ತಡ, ಅವರು ಪಡೆಯುತ್ತಿದ್ದ ಸೈನಿಕ ಪಿಂಚಣಿಯಲ್ಲಿ ಮೋಸವಿರಬಹುದೆಂದು ಪಿಂಚಣಿ ಕಚೇರಿ ವಿಚಾರಣೆಗೆ ಇಳಿಯಿತು. ಆಗ ದಳದ ಹಳಬರು, ಎಲ್ಲರೂ ಮುದುಕರೇ, ಬಂದು ಹೇಳಿಕೆ ಕೊಟ್ಟರು: ನಮ್ಮ ಜೊತೆ ಕಾದಾಡಿದ ಗಿಡ್ಡ ಕ್ಯಾಶಿಯರ್ ಇವರೇ ಎಂದು. ಪಿಂಚಣಿ ನಿಲ್ಲಲಿಲ್ಲ. 1915ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಸಮವಸ್ತ್ರ ತೊಡಿಸಿಯೇ ಹೂಳಿದರು. ಕಲ್ಲಿನ ಮೇಲೆ ಕೆತ್ತಿಸಿದ ಹೆಸರು ಆಲ್ಬರ್ಟ್ ಡಿ. ಜೆ. ಕ್ಯಾಶಿಯರ್.

- ಸಂ.