ಸಿಗರೇಟು ಬಿಟ್ಟ ಮೇಲೆ ಸಿಹಿ ಬೇಕು ಬೇಕು ಅನ್ನಿಸುತ್ತಿದೆ, ಏನು ಮಾಡಲಿ?

ನೀವು ಬರೆದಿರುವುದು ಇಷ್ಟು. ತುಮಕೂರಿನಲ್ಲಿ ಕೂತು ಮಾಡುವ ಕೆಲಸ, ವಯಸ್ಸು 34, ಸಿಗರೇಟು ಬಿಟ್ಟು ಎರಡು ತಿಂಗಳು. ಈಗ ಮಧ್ಯಾಹ್ನ ಆದರೆ ಕಾಲು ಬೇಕರಿ ಕಡೆ ಹೋಗುತ್ತದೆ, ರಾತ್ರಿ ಊಟದ ಮೇಲೆ ಸಿಹಿ ತಿನ್ನದಿದ್ದರೆ ಚಡಪಡಿಕೆ, ನಿದ್ದೆಯೂ ಸರಿ ಇಲ್ಲ, ತೂಕ ನಾಲ್ಕು ಕೆಜಿ ಏರಿದೆ, ಅಪ್ಪನಿಗೆ ಶುಗರ್ ಇದೆ. ಕೊನೆಗೆ, ಇದಕ್ಕಿಂತ ದಿನಕ್ಕೆ ಒಂದೆರಡು ಸೇದಿಕೊಂಡಿರುವುದೇ ವಾಸಿನಾ ಅಂತ ಕೇಳಿದ್ದೀರಿ.

ಖಂಡಿತ ವಾಸಿ ಅಲ್ಲ. ದಿನಕ್ಕೆ ಒಂದೇ ಸೇದಿದರೂ ಹೃದಯಕ್ಕೆ ಆಗುವ ಹಾನಿ ಇಪ್ಪತ್ತರಲ್ಲಿ ಒಂದು ಪಾಲು ಅಲ್ಲ, ದಿನಕ್ಕೆ 20 ಸೇದುವವರಿಗೆ ಎಷ್ಟು ಅಪಾಯ ಜಾಸ್ತಿಯಾಗುತ್ತದೋ ಅದರಲ್ಲಿ ಹತ್ತಿರ ಹತ್ತಿರ ಅರ್ಧ ಆ ಒಂದರಿಂದಲೇ ಬರುತ್ತದೆ. ಇನ್ನು ಶುಗರ್ ಭಯಕ್ಕೆ ಸಿಗರೇಟು ಹಿಡಿಯುವುದಂತೂ ಪೂರ್ತಿ ಉಲ್ಟಾ ಲೆಕ್ಕ. ಸೇದುವವರಿಗೆ ಟೈಪ್ 2 ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಸೇದದವರಿಗಿಂತ 30ರಿಂದ 40 ಪರ್ಸೆಂಟ್ ಜಾಸ್ತಿ. ನಾಲ್ಕು ಕೆಜಿಯನ್ನು ಇಳಿಸಬಹುದು. ನೀವು ಎರಡು ತಿಂಗಳು ಕಷ್ಟಪಟ್ಟು ಗಳಿಸಿದ್ದನ್ನು ಅದಕ್ಕೋಸ್ಕರ ಬಿಟ್ಟುಕೊಡಬೇಡಿ, ದಯವಿಟ್ಟು.

ಮತ್ತೆ ಈ ನಾಲ್ಕು ಕೆಜಿ ನಿಮ್ಮೊಬ್ಬರಿಗೇ ಆಗಿದ್ದಲ್ಲ. ಬಿಟ್ಟವರಿಗೆ ಒಂದು ವರ್ಷದಲ್ಲಿ ಸರಾಸರಿ ನಾಲ್ಕರಿಂದ ಐದು ಕೆಜಿ ಏರುತ್ತದೆ, ಅದರಲ್ಲೂ ಜಾಸ್ತಿ ಪಾಲು ಮೊದಲ ಮೂರು ತಿಂಗಳಲ್ಲೇ. ಸಿಗರೇಟಿನಲ್ಲಿರುವ ನಿಕೋಟಿನ್ ನಮ್ಮ ಹಸಿವನ್ನು ಅದುಮಿ ಇಟ್ಟಿರುತ್ತದೆ, ಮೈ ಸುಮ್ನೆ ಕೂತಿದ್ದಾಗಲೂ ಸ್ವಲ್ಪ ಜಾಸ್ತಿ ಉರಿಯುವ ಹಾಗೆ ಮಾಡಿರುತ್ತದೆ. ಅದು ಹೋದ ಕೂಡಲೇ ಹಸಿವು ಎದ್ದು ಕೂರುತ್ತದೆ. ನಾಲಿಗೆ ಮೂಗು ಎರಡೂ ಚುರುಕಾಗುತ್ತವೆ, ಬೇಕರಿ ಮುಂದೆ ಹೋದರೆ ಬಿಸಿ ಬನ್ನಿನ ವಾಸನೆ ಮೊದಲಿಗಿಂತ ಜೋರಾಗಿ ಬಡಿಯುತ್ತದೆ. ಇಷ್ಟರ ಮೇಲೆ, ನಿಕೋಟಿನ್ ಮಿದುಳಿನಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ಬಿಡಿಸಿ ಒಂದು ಖುಷಿ ಕೊಡುತ್ತಿತ್ತು. ಸಿಹಿಯೂ ಅದೇ ದಾರಿಯಲ್ಲಿ ಖುಷಿ ಕೊಡುತ್ತದೆ. ಹಾಗಾಗಿ ಮಿದುಳು ಸಿಗರೇಟು ಸಿಗದಿದ್ದಾಗ ಮೈಸೂರುಪಾಕ್ ಕೇಳುತ್ತದೆ. ನಿಮ್ಮ ಮನಸ್ಸು ಗಟ್ಟಿ ಇಲ್ಲ ಅಂತ ಇದಕ್ಕೆ ಅರ್ಥ ಅಲ್ಲ.

ನಾನು ಶಿಡ್ಲಘಟ್ಟದ ಕಡೆಯವನು, ರೇಷ್ಮೆ ಹುಳು ಸಾಕುತ್ತೇವೆ. ಬಿಟ್ಟು ಕೆಲವು ವರ್ಷ ಆಯಿತು, ನನಗೂ ಆಗ ಇದೇ ಪಾಡು. ನನಗೆ ತಿಳಿದಿದ್ದು ಒಂದು ಮಾತು, ಸಿಹಿ ತಿಂಡಿ ಜೊತೆ ಜಗಳ ಆಡುವ ಮೊದಲು ನಿಮ್ಮ ಟೀ ನೋಡಿಕೊಳ್ಳಿ.

ಯಾಕೆ ಅಂದರೆ, ನಮ್ಮ ಕಡೆ ಸಿಗರೇಟು ಒಂಟಿಯಾಗಿ ಇರುವುದೇ ಇಲ್ಲ, ಟೀ ಜೊತೆಗೇ. ಸಿಗರೇಟು ಬಿಟ್ಟವರು ಅದೇ ಟೀ ಅಂಗಡಿಗೆ, ಅದೇ ಹೊತ್ತಿಗೆ, ಅದೇ ಸ್ನೇಹಿತರ ಜೊತೆ ಹೋಗಿ ನಿಲ್ಲುತ್ತಾರೆ, ಕೈಯಲ್ಲಿ ಸಿಗರೇಟಿಲ್ಲ ಅಂತ ಇನ್ನೊಂದು ಟೀ ಹೇಳುತ್ತಾರೆ, ಜೊತೆಗೆ ಒಂದು ಬೆಣ್ಣೆ ಬಿಸ್ಕತ್ತು. ದಿನಕ್ಕೆ ಆರು ಟೀ, ಒಂದಕ್ಕೆ ಎರಡು ಚಮಚ ಸಕ್ಕರೆ ಅಂತ ಇಟ್ಟುಕೊಳ್ಳಿ. ಹನ್ನೆರಡು ಚಮಚ, ಅಂದರೆ ಸುಮಾರು 48 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು, ಬೇರೆಯಾಗಿ ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗೆ ಇದ್ದರೆ ಒಳ್ಳೆಯದು ಅಂತ. ಒಂದು ತುಂಡು ಸಿಹಿ ಬಾಯಿಗೆ ಹಾಕುವ ಮೊದಲೇ ನೀವು ಅದರ ಹತ್ತಿರ ಹತ್ತಿರ ಎರಡರಷ್ಟು ಕುಡಿದಾಗಿರುತ್ತದೆ.

ಟೀಯಲ್ಲಿ ಇನ್ನೊಂದು ಸಂಗತಿ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಸಿಗರೇಟು ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳಿಂದ ಲಿವರ್ ಕೆಫೀನನ್ನು ಬೇಗ ಬೇಗ ಕರಗಿಸುತ್ತಿರುತ್ತದೆ. ಸೇದುವುದು ನಿಂತ ಮೇಲೆ ಅದು ನಿಧಾನ ಆಗುತ್ತದೆ. ಅಂದರೆ ಮೊದಲಿನಷ್ಟೇ ಟೀ ಕಾಫಿ ಕುಡಿದರೂ ಕೆಫೀನು ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಎದೆ ಡವಡವ, ಸಿಡಿಮಿಡಿ, ರಾತ್ರಿ ನಿದ್ದೆ ಇಲ್ಲ. ನಾವು ಇದನ್ನು ಸಿಗರೇಟಿನ ಚಡಪಡಿಕೆ ಅಂತ ಅಂದುಕೊಂಡು ಅದನ್ನು ಸಮಾಧಾನ ಮಾಡಲು ಸಿಹಿ ತಿನ್ನುತ್ತೇವೆ. ನಿಮ್ಮ ರಾತ್ರಿ ತೊಂದರೆಯಲ್ಲಿ ಇದರದ್ದೂ ಪಾಲು ಇರಬಹುದು ಅಂತ ನನಗೆ ಅನ್ನಿಸುತ್ತದೆ. ಟೀ ಅರ್ಧಕ್ಕೆ ಇಳಿಸಿ. ಸಂಜೆ ನಾಲ್ಕರ ಮೇಲೆ ಬೇಡವೇ ಬೇಡ, ಬೇಕಾದರೆ ಮಜ್ಜಿಗೆ ಅಥವಾ ಜೀರಿಗೆ ಕುದಿಸಿದ ನೀರು. ಸಕ್ಕರೆ ಒಂದೇ ದಿನ ನಿಲ್ಲಿಸಬೇಡಿ, ವಾರಕ್ಕೆ ಅರ್ಧ ಚಮಚದ ಹಾಗೆ ಕಮ್ಮಿ ಮಾಡಿ. ಅಂಗಡಿಯಲ್ಲಿ ಶುಗರ್‌ಲೆಸ್ ಅಂತ ಹೇಳಿದರೆ ಈಗ ಎಲ್ಲ ಕಡೆ ಕೊಡುತ್ತಾರೆ, ಅಲ್ಲೇ ಬೇಕಾದಷ್ಟು ಹಾಕಿಸಿಕೊಳ್ಳಿ.

ಎರಡನೆಯದು ಹೊಟ್ಟೆ. ಸೇದುವ ಕಾಲದಲ್ಲಿ ಬೆಳಗಿನ ತಿಂಡಿ ಬಿಟ್ಟು ಟೀ ದಮ್ಮಿನಲ್ಲೇ ಮಧ್ಯಾಹ್ನದವರೆಗೆ ತಳ್ಳುವ ಅಭ್ಯಾಸ ಬಹಳ ಜನಕ್ಕೆ ಇರುತ್ತದೆ. ಈಗ ಅದು ನಡೆಯುವುದಿಲ್ಲ. ಖಾಲಿ ಹೊಟ್ಟೆ ಹನ್ನೊಂದು ಗಂಟೆಗೆ ಕೇಳುವುದು ಸಿಹಿಯನ್ನೇ. ಬೆಳಿಗ್ಗೆ ಎರಡು ಮೊಟ್ಟೆಯೋ ಹೆಸರುಕಾಳಿನ ಉಸಲಿಯೋ ಹೊಟ್ಟೆಗೆ ಬೀಳಲಿ, ಬರೀ ಚಿತ್ರಾನ್ನ ಸಾಲದು. ಮಧ್ಯಾಹ್ನಕ್ಕೆ ಮುದ್ದೆ ಇದ್ದರೆ ಒಳ್ಳೆಯದೇ, ಆದರೆ ಸೈಜು ಚಿಕ್ಕದು ಮಾಡಿ, ಜೊತೆಗೆ ಬಸ್ಸಾರಿನ ಪಲ್ಯ, ಮಸ್ಸೊಪ್ಪು, ಹುರುಳಿಕಾಳು, ಇವು ಧಾರಾಳವಾಗಿ ಇರಲಿ. ಅವರೆಕಾಯಿ ಕಾಲದಲ್ಲಂತೂ ಕಾಳು ಹೇಗೂ ಮನೆ ತುಂಬ ಇರುತ್ತದೆ. ನಾರು ಇರುವ ಊಟದಿಂದ ಇನ್ನೊಂದು ಉಪಕಾರ ಏನೆಂದರೆ, ಸಿಗರೇಟು ಬಿಟ್ಟವರಿಗೆ ಮಲಬದ್ಧತೆ ಸಾಮಾನ್ಯ, ಅದೂ ಸರಿಹೋಗುತ್ತದೆ. ನೀರು ಜಾಸ್ತಿ ಕುಡಿಯಿರಿ.

ಮೇಜಿನ ಡ್ರಾಯರಿನಲ್ಲಿ ಏನಾದರೂ ಇಟ್ಟಿರಿ. ಹುರಿದ ಕಡಲೆಕಾಯಿ ಬೀಜ ಒಂದು ಹಿಡಿ, ಹುರಿಗಡಲೆ, ಸೀಬೆಕಾಯಿ, ಸೌತೆಕಾಯಿ. ಉಪ್ಪು ಹಾಕಿದ ನೆಲ್ಲಿಕಾಯಿ ನನಗೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತು, ಹುಳಿ ಒಗರು ಬಾಯಿಗೆ ಬಿದ್ದ ಮೇಲೆ ಸಿಹಿ ಆಸೆ ತಣ್ಣಗಾಗುತ್ತಿತ್ತು. ಲವಂಗ, ಏಲಕ್ಕಿ, ಸೋಂಪು ಕೂಡ ಆಗುತ್ತದೆ. ಸಕ್ಕರೆ ಇಲ್ಲದ ಚೂಯಿಂಗ್ ಗಮ್ ಪರವಾಗಿಲ್ಲ, ಜಾಸ್ತಿ ಅಗಿದರೆ ಹೊಟ್ಟೆ ಕೆಡುತ್ತದೆ. ಆದರೆ ಅಡಿಕೆ ಬೇಡ. ನಿಮ್ಮದು ಅಡಿಕೆ ಬೆಳೆಯುವ ಜಿಲ್ಲೆ, ಮನೆಯಲ್ಲೇ ಇರುತ್ತದೆ, ಸಿಗರೇಟಿನ ಜಾಗಕ್ಕೆ ಸಿಹಿ ಅಡಿಕೆ ಪೊಟ್ಟಣ ಸುಲಭವಾಗಿ ಬಂದು ಕೂರುತ್ತದೆ. ತಂಬಾಕು ಇಲ್ಲದಿದ್ದರೂ ಅಡಿಕೆಯೊಂದೇ ಬಾಯಿ ಕ್ಯಾನ್ಸರ್ ತರಬಲ್ಲದು.

ಬೆಲ್ಲ, ಜೇನುತುಪ್ಪ ಆದರೆ ತೊಂದರೆ ಇಲ್ಲ ಅಂತ ಹೇಳುವವರು ಸಿಗುತ್ತಾರೆ. ಬೆಲ್ಲದಲ್ಲಿ ಇರುವುದು ಬಹುಪಾಲು ಸಕ್ಕರೆಯೇ, ಲೆಕ್ಕಕ್ಕೆ ಎರಡೂ ಒಂದೇ. ಕಬ್ಬಿನ ಹಾಲು, ಹಣ್ಣಿನ ಜ್ಯೂಸು ಕೂಡ ಹಾಗೇ. ಹಣ್ಣನ್ನು ಹಣ್ಣಾಗಿಯೇ ತಿನ್ನಿ.

ಹಾಗಂತ ಸಿಹಿ ಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ. ಈಗಲೇ ಕಟ್ಟುನಿಟ್ಟಿನ ಡಯಟ್ ಶುರು ಮಾಡಿದರೆ ಎರಡು ಆಸೆಗಳನ್ನು ಒಟ್ಟಿಗೆ ಕಟ್ಟಿಹಾಕಬೇಕಾಗುತ್ತದೆ, ಹಾಗೆ ಹೋಗಿ ಸಿಗರೇಟಿಗೆ ವಾಪಸ್ ಬಂದವರನ್ನು ನೋಡಿದ್ದೇನೆ. ಬೇಕಾದ ಸಿಹಿಯನ್ನು ಮಧ್ಯಾಹ್ನದ ಊಟದ ಜೊತೆ ತಿನ್ನಿ, ಹೊಟ್ಟೆ ತುಂಬಿರುವಾಗ ಒಂದು ತುಂಡಿಗೆ ನಿಲ್ಲುತ್ತದೆ. ಮನೆಯಲ್ಲಿ ಕಾಲು ಕೆಜಿ ಡಬ್ಬಿ ತಂದಿಡಬೇಡಿ. ಹಬ್ಬಕ್ಕೆ ಹೋಳಿಗೆ ಮಾಡಿದರೆ ಖುಷಿಯಾಗಿ ತಿನ್ನಿ, ಮನೆಯವರಿಗೂ ಸಮಾಧಾನ.

ರಾತ್ರಿಯದ್ದು ಬೇರೆ ವಿಷಯ. ಅದು ಊಟದ ಮೇಲಿನ ಸಿಗರೇಟಿನ ಹೊತ್ತು, ಆ ಹೊತ್ತು ಖಾಲಿ ಬಿದ್ದಿದೆ. ನಮ್ಮ ಹುಳು ಮನೆಯಲ್ಲಿ ತಂಬಾಕು ಸುಳಿಯುವ ಹಾಗೇ ಇಲ್ಲ. ಸೊಪ್ಪಿಗೆ ನಿಕೋಟಿನ್ ಸೋಕಿದರೆ ಹುಳು ವಾಂತಿ ಮಾಡಿಕೊಂಡು ಸಾಯುತ್ತದೆ, ಅಷ್ಟು ವಿಷ ಅದು. ಸೇದುವ ಕಾಲದಲ್ಲೂ ನಾಲ್ಕನೇ ಜ್ವರ (ಹುಳು ತಿನ್ನುವುದು ನಿಲ್ಲಿಸಿ ಪೊರೆ ಬಿಡುವ ಹೊತ್ತು) ಎದ್ದ ಮೇಲೆ, ಹುಳು ರಾತ್ರಿ ಹಗಲು ಸೊಪ್ಪು ತಿನ್ನುವ ಆ ಒಂದು ವಾರ, ಗಂಟೆಗಟ್ಟಲೆ ಒಳಗೇ ಇರುತ್ತಿದ್ದೆ, ಕೈಗೆ ಬಿಡುವೇ ಇರುತ್ತಿರಲಿಲ್ಲ, ಸಿಗರೇಟು ನೆನಪೇ ಆಗುತ್ತಿರಲಿಲ್ಲ. ಬಿಡಬೇಕು ಅಂದುಕೊಂಡಾಗ ಅದೇ ವಾರ ಆರಿಸಿಕೊಂಡು ಬಿಟ್ಟೆ. ನಿಮಗೆ ಹುಳು ಇಲ್ಲ, ಆದರೆ ಅಮಾನಿಕೆರೆ ಇದೆ ಅಲ್ವಾ? ಊಟ ಬೇಗ ಮುಗಿಸಿ ಆ ಕಡೆಯೋ, ಇಲ್ಲ ಮನೆ ಬೀದಿಯಲ್ಲೋ ಹತ್ತು ಹದಿನೈದು ನಿಮಿಷ ಬಿರುಸಾಗಿ ನಡೆಯಿರಿ, ಬಂದ ತಕ್ಷಣ ಹಲ್ಲುಜ್ಜಿ. ಊಟದ ಮೇಲಿನ ನಡಿಗೆಯಿಂದ ರಕ್ತದ ಸಕ್ಕರೆಯೂ ಅಷ್ಟು ಏರುವುದಿಲ್ಲ, ಸೇದುವ ಆಸೆಯೂ ತಗ್ಗುತ್ತದೆ. ಆಸೆಯ ಒಂದು ಅಲೆ ಬಂದು ಹೋಗುವುದಕ್ಕೆ ಸಾಮಾನ್ಯವಾಗಿ ಕೆಲವೇ ನಿಮಿಷ.

ಸಿಗರೇಟೇ ಬೇಕು ಅಂತ ತೀರಾ ಅನ್ನಿಸಿದ ದಿನ ತಂಬಾಕು ಬಿಡಲು ನೆರವಾಗುವ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿ, ಸಿಗರೇಟು ಪ್ಯಾಕಿನ ಮೇಲೆ ಇರುವ ನಂಬರೇ, ದುಡ್ಡು ಬೀಳುವುದಿಲ್ಲ. ಮನಸ್ಸು ಕುಗ್ಗಿ ವಾರಗಟ್ಟಲೆ ಹಾಗೇ ಇದ್ದರೆ ಡಾಕ್ಟರಿಗೆ ತೋರಿಸಿ, ತಡ ಮಾಡಬೇಡಿ.

ಅಪ್ಪನಿಗೆ ಶುಗರ್ ಇರುವುದರಿಂದ ನಿಮ್ಮದನ್ನು ಈ ವಾರವೇ ಪರೀಕ್ಷೆ ಮಾಡಿಸಿ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ ಶುಗರ್ ಎರಡೂ ಪುಕ್ಕಟೆ ನೋಡುತ್ತಾರೆ. ರಾತ್ರಿ ಊಟ ಮಾಡಿ ಬೆಳಿಗ್ಗೆವರೆಗೆ ನೀರು ಬಿಟ್ಟು ಏನೂ ತಗೊಳ್ಳದೆ ಹೋಗಿ, ಟೀ ಕೂಡ ಬೇಡ. 100ರ ಒಳಗೆ ಬಂದರೆ ಸರಿಯಾಗಿದೆ. 100ರಿಂದ 125 ಬಂದರೆ ಈಗಲೇ ಎಚ್ಚರ ಆಗಬೇಕಾದ ಮಟ್ಟ, 126 ಅಥವಾ ಮೇಲೆ ಇದ್ದರೆ ಇನ್ನೊಮ್ಮೆ ಮಾಡಿಸಿ ಡಾಕ್ಟರ್ ಹತ್ತಿರ ಹೋಗಿ. ಎರಡು ತಿಂಗಳ ಹಿಂದೆ ಸಿಗರೇಟು ಬಿಟ್ಟಿದ್ದೀನಿ, ನಾಲ್ಕು ಕೆಜಿ ಏರಿದ್ದೀನಿ ಅಂತ ಅವರಿಗೆ ಬಾಯಿಬಿಟ್ಟು ಹೇಳಿ. ಅಪ್ಪನನ್ನೂ ಸಂಜೆ ವಾಕಿಂಗಿಗೆ ಜೊತೆಗೆ ಕರೆದುಕೊಂಡು ಹೋಗಿ, ಅವರಿಗೂ ಬೇಕಾಗಿರುವುದು ಅದೇ.